‘ಬ’ಕಾರಕ್ಕೆ ಮುಚ್ಚದ ದಾರಿ

ಈಗ ಪರದೆಯ ಮೇಲೆ ಕಾಣುತ್ತಿರುವುದು ನನ್ನದೇ ಬಾಯಿಯ ಒಳಭಾಗ. ‘ಆ’ ಎಂದೊಡನೆ ಕಿರುನಾಲಿಗೆಯ ಮೇಲಿರುವ ಮೆದು ಅಂಗುಳವು ಎದ್ದು ಹಿಂದಕ್ಕೆ ಸರಿಯುವುದನ್ನು ಗಮನಿಸಿ. ಅದು ಗಂಟಲಿನ ಹಿಂಗೋಡೆಯನ್ನು ಮುಟ್ಟುವ ಜಾಗ ಮಾತ್ರ ಇಲ್ಲಿಂದ ಕಾಣುವುದಿಲ್ಲ; ಅಂಗುಳವೇ ಅದನ್ನು ಮರೆಮಾಡುತ್ತದೆ.

‘ಬರ’, ‘ಮರ’ ಎಂದು ಹೇಳಿ ನೋಡಿ. ಎರಡಕ್ಕೂ ತುಟಿಗಳು ಕೂಡುವ ರೀತಿ ಒಂದೇ. ‘ಬ’ಕಾರಕ್ಕೆ ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ, ‘ಮ’ಕಾರಕ್ಕೆ ತೆರೆದಿಡುತ್ತದೆ. ವರ್ಗದ ಐದನೆಯ ಅಕ್ಷರಗಳನ್ನು ಅನುನಾಸಿಕಗಳೆಂದು ಬೇರೆಯಾಗಿ ಗುರುತಿಸಿದ ನಮ್ಮ ವರ್ಣಮಾಲೆಯ ಹಿಂದಿರುವುದೂ ಇದೇ ತಿಳಿವಳಿಕೆ.

ಆರು ವರ್ಷದ ನನ್ನ ಮಗಳಿಗೆ ಅಡಿನಾಯ್ಡ್, ಎಂದರೆ ಮೂಗಿನ ಹಿಂದೆ ಗಂಟಲಿನ ಮೇಲ್ಭಾಗದಲ್ಲಿರುವ ಮೆದು ಅಂಗಾಂಶ, ತೆಗೆಸಿದ ಮೇಲೆ ‘ಬಾವಿ’ ಎಂಬುದು ‘ಮಾವಿ’ ಎಂದು ಕೇಳಿಸತೊಡಗಿತು. ಮೂಗಿನಲ್ಲಿ ಮಾತಾಡಬೇಡ ಎಂದು ನಾನು ಗದರಿದ್ದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಚಿಕ್ಕ ಮಕ್ಕಳಲ್ಲಿ ಅಂಗುಳವು ಅನೇಕ ವೇಳೆ ಹಿಂಗೋಡೆಗಲ್ಲ, ಅದರ ಮೇಲ್ಭಾಗದಲ್ಲಿ ಉಬ್ಬಿರುವ ಅಡಿನಾಯ್ಡ್‌ಗೆ ಒತ್ತಿಕೊಂಡು ದಾರಿ ಮುಚ್ಚುತ್ತದೆ. ಅದನ್ನು ತೆಗೆದಾಗ ಅಂಗುಳ ಕ್ರಮಿಸಬೇಕಾದ ದೂರ ಹೆಚ್ಚುತ್ತದೆ. ಹೆಚ್ಚಿನ ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ. ಇವಳಿಗೆ ಅದು ಆಗಲಿಲ್ಲ. ಇವಳ ಕಿರುನಾಲಿಗೆ ತುದಿಯಲ್ಲಿ ಎರಡಾಗಿ ಸೀಳಿದೆ ಎಂಬುದನ್ನು ಅಲ್ಲಿಯವರೆಗೆ ಯಾರೂ ಗಮನಿಸಿರಲಿಲ್ಲ. ಅದೇ ಸುಳಿವು: ಲೋಳೆಪೊರೆಯ ಅಡಿಯಲ್ಲಿ ಸೀಳು ಅಂಗುಳ ಅಡಗಿತ್ತು. ಅಂಗುಳವನ್ನು ಎತ್ತುವ ಸ್ನಾಯುಗಳು ಎಡಬಲದಿಂದ ಬಂದು ನಡುವೆ ಕೂಡಿ ಜೋಲಿಯಂತಾಗಬೇಕು. ಇಂಥ ಸೀಳಿನಲ್ಲಿ ಅವು ಕೂಡದೆ ಮುಂದಕ್ಕೆ ಚಾಚಿ ಗಟ್ಟಿ ಅಂಗುಳದ ಅಂಚಿಗೆ ಅಂಟಿರುತ್ತವೆ.

ಮೂಗಿನ ಮೂಲಕ ಇಳಿಸಿದ ತೆಳು ಎಂಡೋಸ್ಕೋಪಿನಲ್ಲಿ ನಾನೇ ಕಂಡೆ: ಅವಳು ‘ಸ್‌ಸ್’ ಎಂದು ಎಳೆದಾಗ ಪಕ್ಕದ ಗೋಡೆಗಳು ಒಳಸರಿದರೂ ನಡುವೆ ಸಣ್ಣ ಕಂಡಿ ಉಳಿದು, ಅಲ್ಲಿ ಲೋಳೆ ನೊರೆನೊರೆಯಾಗಿ ಗುಳುಗುಳು ಎನ್ನುತ್ತಿತ್ತು. ಕೆಲವರಲ್ಲಿ ಅಂಗುಳದ ಚಲನೆ ಹೆಚ್ಚು, ಕೆಲವರಲ್ಲಿ ಪಕ್ಕದ ಗೋಡೆಗಳದ್ದು; ಇನ್ನು ಕೆಲವರಲ್ಲಿ ಅಂಗುಳ ಸರಿಯಿದ್ದರೂ ಗಂಟಲೇ ಆಳವಾಗಿರುತ್ತದೆ. ಯಾವ ಶಸ್ತ್ರಚಿಕಿತ್ಸೆ ಹೊಂದುತ್ತದೆ ಎಂಬ ನಿರ್ಧಾರಕ್ಕೆ ಈ ವ್ಯತ್ಯಾಸವೇ ಮುಖ್ಯ ಆಧಾರ.

ಪೀಪಿ ಊದಿಸಿ, ಸರಿಹೋಗುತ್ತದೆ ಎಂದು ಹಲವರು ನಮಗೆ ಹೇಳಿದರು. ಊದುವಾಗಿನ ಮುಚ್ಚುವಿಕೆಯೂ ಮಾತಿನ ಮುಚ್ಚುವಿಕೆಯೂ ಒಂದೇ ಅಲ್ಲವಾದ್ದರಿಂದ, ಅಂಥ ಅಭ್ಯಾಸದಿಂದ ಈ ಕಂಡಿ ಮುಚ್ಚುವುದಿಲ್ಲ.

ಸ್ನಾಯುಗಳನ್ನು ಹಿಂದಕ್ಕೆ ತಿರುಗಿಸಿ ಜೋಡಿಸುವ ಶಸ್ತ್ರಚಿಕಿತ್ಸೆ ಅವಳಿಗೆ ಮುಂದಿನ ತಿಂಗಳಿದೆ. ಮೂಗಿನ ಕೆಳಗೆ ಅವಳೇ ಹಿಡಿದಿರುವ ಈ ಪುಟ್ಟ ಕನ್ನಡಿ, ಇಂದು ಅವಳು ‘ಪಾಪು’ ಎಂದಾಗಲೂ ಮಬ್ಬಾಗುವುದನ್ನು ನೀವು ನೋಡುತ್ತಿದ್ದೀರಿ.