ತೂಕ ಎಲ್ಲಿಂದ ಇಳಿಸಿದಿರಿ?

ನಮಸ್ಕಾರ. ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ನೆಲಮಂಗಲದ ಹತ್ತಿರ ಲಾರಿ ತೂಗುವ ಒಂದು ವೇಬ್ರಿಡ್ಜ್ ಮುಂದೆ ನನ್ನ ಕಾರು ಸಾಲಿನಲ್ಲಿ ನಿಂತಿತ್ತು. ಮುಂದೆ ಜಲ್ಲಿ ಲಾರಿ, ಹಿಂದೆ ಈರುಳ್ಳಿ ಲಾರಿ, ನಡುವೆ ನನ್ನ ಹಳೇ ಹೋಂಡಾ ಸಿಟಿ. ಒಳಗಿದ್ದ ಹುಡುಗ ಕಿಟಕಿಯಿಂದ ತಲೆ ಹೊರಗೆ ಹಾಕಿ "ಲೋಡ್ ಏನ್ ಸಾರ್?" ಅಂದ. "ಲೋಡ್ ಇಲ್ಲಪ್ಪ, ಗಾಡಿ ತೂಕಾನೇ ಬೇಕು" ಅಂದೆ. ಮೊದಲು ಇಡೀ ಕಾರು ನಿಲ್ಲಿಸಿ, ನಾನು ಕೆಳಗಿಳಿದು, ಚೀಟಿ ತೆಗೆಸಿದೆ. 1,050 ಕಿಲೋ. ಆಮೇಲೆ ಕಾರನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಂಡು, ಮುಂದಿನ ಎರಡು ಚಕ್ರ ಮಾತ್ರ ತಟ್ಟೆಯ ಮೇಲೆ ಬರುವ ಹಾಗೆ ನಿಲ್ಲಿಸಿ ಇನ್ನೊಂದು ಚೀಟಿ. 650. ಅಲ್ಲಿಗೆ ಹಿಂದಿನ ಚಕ್ರಗಳ ಮೇಲೆ 400 ಅಂತಾಯ್ತು.

ಈ ಎರಡು ಚೀಟಿಯ ಬಗ್ಗೆಯೇ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ. ಯಾಕೆಂದರೆ ರೇಸ್ ಟ್ರ್ಯಾಕಿಗೆ ಅಂತ ಕಾರಿನ ತೂಕ ಇಳಿಸುವವರು, ನಾನೂ ಸೇರಿ, ಎಷ್ಟು ಕಿಲೋ ಇಳಿಸಿದೆ ಅಂತ ಲೆಕ್ಕ ಇಡುತ್ತೇವೆ. ಎಲ್ಲಿಂದ ಇಳಿಸಿದೆ ಅಂತ ಲೆಕ್ಕ ಇಡುವವರು ಕಡಿಮೆ.

ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ. ಇದು ನಮ್ಮ ದೇಶದಲ್ಲಿ ಸಿಟಿಯ ಮೊದಲ ಪೀಳಿಗೆಯಲ್ಲಿ ಕೊನೆಯ ಹೊತ್ತಿಗೆ ಬಂದ 1.5 ಲೀಟರ್ ವಿಟೆಕ್ ಮಾಡೆಲ್. ವಿಟೆಕ್ ಅಂದರೆ ಎಂಜಿನ್ ಜೋರಾಗಿ ತಿರುಗುವಾಗ ಅದರ ವಾಲ್ವುಗಳನ್ನು ಇನ್ನೂ ಹೆಚ್ಚು ತೆರೆಯುವ ಹೋಂಡಾದ ವ್ಯವಸ್ಥೆ. 106 ಕುದುರೆ ಶಕ್ತಿ. ಇವತ್ತಿನ ಲೆಕ್ಕಕ್ಕೆ ಅದು ದೊಡ್ಡದಲ್ಲ, ಆದರೆ ಆಗ ನಮ್ಮ ದೇಶದಲ್ಲಿ ಸೆಡಾನ್ ಅಂದರೆ ಮೆತ್ತಗೆ ಹೋಗುವ ಗಾಡಿ ಅಂತಿತ್ತು, ಈ ಎಂಜಿನ್ ಮಾತ್ರ ಮೇಲಿನ ಆರ್‌ಪಿಎಂಗೆ ಹೋದರೆ ದನಿಯೇ ಬದಲಾಗುತ್ತಿತ್ತು. ಈಗಲೂ ರೇಸಿನ ಹುಚ್ಚಿರುವವರು ಹುಡುಕಿ ಕೊಳ್ಳುವ ಕಾರು ಅದು.

ತೂಕ ಯಾಕೆ ಇಳಿಸಬೇಕು? ಒಂದು ಸಣ್ಣ ಲೆಕ್ಕ ಕೇಳಿ. ಕಾರು 1,050, ನಾನು 70, ಒಟ್ಟು 1,120 ಕಿಲೋ. ಇದರಲ್ಲಿ 70 ಕಿಲೋ ಇಳಿಸಿದರೆ, ನೇರ ರಸ್ತೆಯಲ್ಲಿ ಎಳೆಯುವ ಲೆಕ್ಕಕ್ಕೆ ಅದು 106 ಕುದುರೆಯನ್ನು 113 ಮಾಡಿದ ಹಾಗೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಏಳು ಕುದುರೆ ಜಾಸ್ತಿ ತೆಗೆಯಬೇಕು ಅಂದರೆ ಎಷ್ಟು ದುಡ್ಡು ಸುರಿಯಬೇಕು, ಮಾಡಿಸಿದವರಿಗೆ ಗೊತ್ತು. ಇಲ್ಲಿ ಖರ್ಚು ಒಂದು ಪಾನಾ ಸೆಟ್, ಒಂದು ಭಾನುವಾರ.

ಆದರೆ ನಿಜವಾದ ಲಾಭ ನೇರ ರಸ್ತೆಯಲ್ಲಿ ಇಲ್ಲ. ಎಂಜಿನ್ ಜೋರು ಮಾಡಿದರೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಉಪಯೋಗ. ತೂಕ ಇಳಿಸಿದರೆ ಒತ್ತಿದಾಗಲೂ ಉಪಯೋಗ, ಬ್ರೇಕ್ ಹಾಕಿದಾಗಲೂ ಉಪಯೋಗ, ತಿರುವಿನಲ್ಲೂ ಉಪಯೋಗ. 140 ಕಿಲೋಮೀಟರ್ ವೇಗದಿಂದ ಬ್ರೇಕ್ ಹಾಕಿದಾಗ ಆ ಓಟದ ಶಕ್ತಿಯಲ್ಲಿ ಹೆಚ್ಚುಪಾಲು ಬ್ರೇಕಿನಲ್ಲಿ ಬಿಸಿಯಾಗಿ ಹೋಗಬೇಕು. ಭಾರ ಶೇಕಡಾ ಆರು ಕಡಿಮೆಯಾದರೆ ಆ ಬಿಸಿಯೂ ಶೇಕಡಾ ಆರು ಕಡಿಮೆ, ಅದೂ ಪ್ರತಿ ತಿರುವಿಗೆ, ಪ್ರತಿ ಸುತ್ತಿಗೆ. ಬ್ರೇಕ್ ಆಯಿಲ್ ಕುದಿದು ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋದ ಅನುಭವ ಒಂದು ಸಲ ಆದವರು ಈ ಆರು ಪರ್ಸೆಂಟನ್ನು ಹಗುರವಾಗಿ ನೋಡುವುದಿಲ್ಲ. ಟೈರಿನದೂ ಹಾಗೇ. ಅದರ ಮೇಲೆ ಭಾರ ಹೆಚ್ಚಿದರೆ ಹಿಡಿತವೂ ಹೆಚ್ಚುತ್ತೆ, ನಿಜ, ಆದರೆ ಅಷ್ಟೇ ಪ್ರಮಾಣದಲ್ಲಿ ಅಲ್ಲ. ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟು ಆಗುವುದಿಲ್ಲ. ಅದಕ್ಕೇ ಹಗುರ ಕಾರು ಅದೇ ಟೈರಿನಲ್ಲಿ ತಿರುವನ್ನು ಇನ್ನೂ ಜೋರಾಗಿ ದಾಟುತ್ತೆ.

ಇದು ಕಾರು ಕಂಪನಿಗಳಿಗೂ ಗೊತ್ತಿರುವ ವಿದ್ಯೆ. ಆಲ್ಫಾ ರೋಮಿಯೋ 1965ರಲ್ಲಿ ಜಿಟಿಎ ಅಂತ ಒಂದು ಕಾರು ತಂದಿತು. ಆ ಕೊನೆಯ 'ಎ' ಅಂದರೆ ಇಟಾಲಿಯನ್‌ನಲ್ಲಿ ಅಲೆಜೆರಿತಾ, ಹಗುರ ಮಾಡಿದ್ದು ಅಂತ. ಹೊರಮೈಯ ಉಕ್ಕಿನ ತಗಡಿನ ಬದಲು ಅಲ್ಯೂಮಿನಿಯಂ ಹಾಕಿದ್ದರು. 2020ರಲ್ಲಿ ಅದೇ ಹೆಸರನ್ನು ಅವರು ಜೂಲಿಯಾ ಅನ್ನುವ ನಾಲ್ಕು ಬಾಗಿಲಿನ ಸೆಡಾನಿಗೆ ಕೊಟ್ಟರು. ಅದರಲ್ಲಿ ಜಿಟಿಎಎಂ ಅನ್ನುವ ಮಾದರಿಗೆ ಹಿಂದಿನ ಸೀಟೇ ಇಲ್ಲ. ಆ ಜಾಗದಲ್ಲಿ ಕಾರು ಮಗುಚಿದರೆ ಕಾಪಾಡುವ ಕಂಬಿ, ಅಂದರೆ ರೋಲ್ ಬಾರ್, ಹೆಲ್ಮೆಟ್ ಇಡುವ ಜಾಗ. ಮಾಮೂಲು ಮಾದರಿಗಿಂತ ಸುಮಾರು 100 ಕಿಲೋ ಕಡಿಮೆ. ಮಿಟ್ಸುಬಿಷಿಯವರು ಲ್ಯಾನ್ಸರ್ ಇವೊಲ್ಯೂಷನ್‌ನಲ್ಲಿ ಆರ್‌ಎಸ್ ಅಂತ ಒಂದು ಮಾದರಿ ಮಾಡುತ್ತಿದ್ದರು, ರೇಸು-ರ‍್ಯಾಲಿಗೆ ಕೊಳ್ಳುವವರಿಗೆ ಅಂತ, ಐಷಾರಾಮದ್ದೆಲ್ಲ ಕಳಚಿದ ಬೋಳು ಕಾರು. ಇವೊ 8ರ ಎಂಆರ್‌ನಲ್ಲಿ ಟಾಪನ್ನೇ ಅಲ್ಯೂಮಿನಿಯಂ ಮಾಡಿದರು. ಅದರಿಂದ ಇಳಿದದ್ದು ನಾಲ್ಕೇ ಕಿಲೋ ಆಸುಪಾಸು. ನಾಲ್ಕು ಕಿಲೋಗೆ ಅಷ್ಟು ಕಷ್ಟ ಯಾಕೆ ಅನ್ನಿಸುತ್ತೆ ಅಲ್ವಾ? ಅದು ಕಾರಿನ ತುತ್ತತುದಿಯ ನಾಲ್ಕು ಕಿಲೋ. ತಲೆಯ ಮೇಲಿನ ಬಿಂದಿಗೆಯನ್ನು ಇಳಿಸಿ ಸೊಂಟದ ಮೇಲಿಟ್ಟುಕೊಂಡರೆ ನಡಿಗೆ ಎಷ್ಟು ಬದಲಾಗುತ್ತೆ ನೋಡಿ, ಹಾಗೆ. ಅಂದರೆ ಅವರು ಎಲ್ಲಿಂದ ಅನ್ನುವುದನ್ನು ಮೊದಲೇ ಕೇಳಿಕೊಂಡಿದ್ದರು.

ನಾನು ಕೇಳಿಕೊಂಡಿರಲಿಲ್ಲ. ಮೊದಲು ಡಿಕ್ಕಿ ಖಾಲಿ ಮಾಡಿದೆ. ಹಳೇ ಟೂಲ್ ಚೀಲ, ನೀರಿನ ಕ್ಯಾನು, ಚಕ್ರಕ್ಕೆ ಕೊಡುವ ಕಲ್ಲು, ಒಂದು ಒದ್ದೆ ಛತ್ರಿ, ಯಾವುದೋ ಮದುವೆಯಲ್ಲಿ ಕೊಟ್ಟ ಸ್ಟೀಲ್ ಡಬ್ಬಿ. ಮನೆಯ ತಕ್ಕಡಿಯಲ್ಲಿ ಹನ್ನೊಂದು ಕಿಲೋ! ಆಮೇಲೆ ಸ್ಟೆಪ್ನಿ ಮತ್ತು ಜಾಕ್, ಹದಿನಾರು. ಹಿಂದಿನ ಸೀಟು ಎರಡು ತುಂಡಾಗಿ ಬಂತು, ಇಪ್ಪತ್ತಕ್ಕಿಂತ ಜಾಸ್ತಿ. ಡಿಕ್ಕಿಯ ಕಾರ್ಪೆಟ್, ಅಕ್ಕಪಕ್ಕದ ಪ್ಲಾಸ್ಟಿಕ್.

ಕೊನೆಗೆ ಉಳಿದದ್ದು ನೆಲಕ್ಕೆ ಅಂಟಿಸಿದ ಡಾಂಬರಿನ ಶೀಟು. ಸದ್ದು ಒಳಗೆ ಬರದಿರಲಿ ಅಂತ ಕಂಪನಿಯವರು ತಗಡಿನ ಮೇಲೆ ಅಂಟಿಸಿರುತ್ತಾರೆ. ಮೊದಲು ಉಳಿ ಹಿಡಿದು ಕೆತ್ತಿದೆ, ಬೆಂಗಳೂರಿನ ಮಧ್ಯಾಹ್ನದ ಬಿಸಿಲಿಗೆ ಅದು ಮೆತ್ತಗಾಗಿ ಚೂಯಿಂಗ್ ಗಮ್ಮಿನ ಹಾಗೆ ಉಳಿಗೇ ಅಂಟಿತು. ಒಂದು ಗಂಟೆಗೆ ಅಂಗೈಯಗಲ ಬಂತು ಅಷ್ಟೇ. ಆಮೇಲೆ ಡ್ರೈ ಐಸ್ ತಂದೆ. ಅದು ಮೈನಸ್ 78 ಡಿಗ್ರಿ, ಚರ್ಮಕ್ಕೆ ತಾಗಿದರೆ ಸುಡುತ್ತೆ, ದಪ್ಪ ಕೈಗವಸು ಹಾಕಿಕೊಳ್ಳಲೇಬೇಕು. ಅದು ಆವಿಯಾದಾಗ ಬರುವ ಅನಿಲ ಕಾರ್ಬನ್ ಡೈಆಕ್ಸೈಡ್. ಬಾಗಿಲು ಮುಚ್ಚಿದ ಕಾರಿನೊಳಗೆ ಕೂತು ಕೆಲಸ ಮಾಡಿದರೆ ಉಸಿರುಕಟ್ಟಿ ಪ್ರಾಣಕ್ಕೇ ಅಪಾಯ, ಹಾಗಾಗಿ ನಾಲ್ಕೂ ಬಾಗಿಲು ತೆಗೆದಿಟ್ಟು, ಬಯಲಿನಲ್ಲಿ ಮಾಡಿ. ಚೂರುಗಳನ್ನು ಶೀಟಿನ ಮೇಲೆ ಹರಡಿ ಹತ್ತು ನಿಮಿಷ ಬಿಟ್ಟೆ. ಚಟ್, ಚಟ್ ಅಂತ ಸದ್ದು ಬರೋಕೆ ಶುರುವಾಯಿತು. ಸುತ್ತಿಗೆಯಲ್ಲಿ ಮೆತ್ತಗೆ ತಟ್ಟಿದರೆ ಸಾಕು, ಹಪ್ಪಳ ಮುರಿದ ಹಾಗೆ ಮುರಿದು ಎದ್ದು ಬಂತು. ಕೆಳಗೆ ಫ್ಯಾಕ್ಟರಿಯ ಬಣ್ಣ, ಒಂದು ಗೀರೂ ಇಲ್ಲದೆ. ಅದನ್ನು ನೋಡಿ ಎಷ್ಟು ಖುಷಿಯಾಯಿತು ಅಂದರೆ ಪಕ್ಕದ ಮನೆಯವರನ್ನೂ ಕರೆದು ತೋರಿಸಿದೆ.

ಮತ್ತೆ ವೇಬ್ರಿಡ್ಜ್. 990 ಕಿಲೋ. ಅರವತ್ತು ಕಿಲೋ ಹೋಗಿತ್ತು. ಆ ದಿನ ಮುಂದಿನ ಚಕ್ರದ ಚೀಟಿ ತೆಗೆಸಲಿಲ್ಲ, ಅಷ್ಟು ಸಂಭ್ರಮ.

ಮುಂದಿನ ವಾರ ಕೊಯಮತ್ತೂರು. ಅಲ್ಲಿಯ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿಲೋಮೀಟರಿನ ಟ್ರ್ಯಾಕ್, ಎಸ್. ಕರಿವರ್ಧನ್ ಅವರ ಹೆಸರಿನದು. ಮಾರುತಿ 800ರ ಪುಟ್ಟ ಎಂಜಿನ್ ಇಟ್ಟು ಒಂಟಿ ಸೀಟಿನ ಹಗುರ ರೇಸ್ ಕಾರು ಕಟ್ಟಿದವರು ಅವರು. ಸಣ್ಣ ಎಂಜಿನ್ನಿನಲ್ಲೂ ಒಳ್ಳೆ ರೇಸು ಆಗುತ್ತೆ ಅಂತ ಈ ದೇಶಕ್ಕೆ ತೋರಿಸಿದ ಮನುಷ್ಯ. ಆ ಟ್ರ್ಯಾಕಿನಲ್ಲಿ ನನ್ನ ಮೂರನೇ ಸುತ್ತು. ಎಂದಿನ ಜಾಗದಲ್ಲೇ ಬ್ರೇಕ್ ಒತ್ತಿದೆ, ಎಂದಿನ ಹಾಗೇ ಸ್ಟೀರಿಂಗ್ ತಿರುಗಿಸಿದೆ. ಕಾರಿನ ಹಿಂಭಾಗ ಮಾತ್ರ ನನ್ನ ಜೊತೆ ಬರಲಿಲ್ಲ. ಹಿಂದಿನ ಚಕ್ರ ಲಾಕ್ ಆದ ಕಿರುಚಾಟ ಕೇಳಿಸಿತು, ಕನ್ನಡಿಯಲ್ಲಿ ಬರೀ ಧೂಳು ಕಂಡಿತು, ಕಾರು ಒಂದು ಪೂರ್ತಿ ಸುತ್ತು ತಿರುಗಿ ಮಣ್ಣಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕೈ ಮಾತ್ರ ಅರ್ಧ ಗಂಟೆ ನಡುಗುತ್ತಿತ್ತು.

ಬೆಂಗಳೂರಿಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ ಆ ಎರಡನೇ ಚೀಟಿ. ಮುಂದೆ 640, ಹಿಂದೆ 350. ಇಳಿಸಿದ ಅರವತ್ತರಲ್ಲಿ ಐವತ್ತು ಕಿಲೋ ಹಿಂದಿನಿಂದಲೇ ಹೋಗಿತ್ತು. ಮೊದಲು ಶೇಕಡಾ 62 ಭಾರ ಮುಂದಿದ್ದದ್ದು ಈಗ ಹತ್ತಿರ ಹತ್ತಿರ 65. ಎಂಜಿನ್, ಗೇರ್‌ಬಾಕ್ಸ್ ಎರಡೂ ಮುಂದಿರುವ ಕಾರು ಹುಟ್ಟಿನಿಂದಲೇ ಮೂಗು ಭಾರದ್ದು. ಸುಲಭವಾಗಿ ಕಳಚಲು ಬರುವುದೆಲ್ಲ ಹಿಂದೆಯೇ ಇರುತ್ತೆ. ಹಾಗಾಗಿ ಸುಮ್ನೆ ಕಳಚುತ್ತಾ ಹೋದರೆ ಹಿಂದಿನ ಚಕ್ರ ಹಗುರಾಗುತ್ತಲೇ ಹೋಗುತ್ತೆ. ಬ್ರೇಕ್ ಹಾಕಿದಾಗ ಭಾರ ಇನ್ನಷ್ಟು ಮುಂದಕ್ಕೆ ವಾಲುತ್ತೆ, ಹಿಂದಿನ ಟೈರಿಗೆ ನೆಲ ಹಿಡಿಯಲು ಏನೂ ಉಳಿಯುವುದಿಲ್ಲ. ಕಂಪನಿಯವರು ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕು, ಹಿಂದಿನ ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು ಅಂತ ನಿಗದಿ ಮಾಡಿದ್ದು ಸೀಟು, ಸ್ಟೆಪ್ನಿ ಎಲ್ಲ ಇರುವ ಕಾರಿಗೆ. ನಾನು ಕಾರು ಬದಲಾಯಿಸಿದ್ದೆ, ಅವು ಹಳೇ ಲೆಕ್ಕದಲ್ಲೇ ಇದ್ದವು.

ಅಲ್ಲಿಂದ ಕೆಲಸ ಬೇರೆ ಥರ ಶುರುವಾಯಿತು. ಮುಂದಿನ ತೂಕ ಹುಡುಕಿದೆ. ಸುಮಾರು ಹತ್ತು ಕಿಲೋದ ಬ್ಯಾಟರಿ ಬಾನೆಟ್ ಒಳಗಿಂದ ಡಿಕ್ಕಿಗೆ ಹೋಯಿತು. ಗಟ್ಟಿಯಾಗಿ ಬೋಲ್ಟ್ ಮಾಡಿದ ಮುಚ್ಚಿದ ಡಬ್ಬಿ, ಗಾಳಿ ಹೊರಗೆ ಹೋಗಲು ಪೈಪು, ಬ್ಯಾಟರಿಯ ಪಕ್ಕದಲ್ಲೇ ದೊಡ್ಡ ಫ್ಯೂಸು, ಇವು ಮೂರೂ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕಾರಿನ ಉದ್ದಕ್ಕೂ ಹೋಗುವ ಆ ದಪ್ಪ ವೈರು ಎಲ್ಲಾದರೂ ತಗಡಿಗೆ ಉಜ್ಜಿದರೆ ಬೆಂಕಿ. ಒಂದು ಗ್ಯಾರೇಜಿನಲ್ಲಿ ಮೊದಲು ಹಾಕಿಕೊಟ್ಟಾಗ ಫ್ಯೂಸೇ ಇರಲಿಲ್ಲ, "ಏನೂ ಆಗಲ್ಲ ಸಾರ್" ಅಂದರು. ಮನೆಗೆ ತಂದು ಪೂರ್ತಿ ಬಿಚ್ಚಿ ಮತ್ತೆ ಮಾಡಿಸಿದೆ. ಬಾನೆಟ್ ಫೈಬರಿನದು ಹಾಕಿದೆ, ಗಾಳಿಗೆ ಎದ್ದು ಗಾಜಿಗೆ ಬಡಿಯದಿರಲಿ ಅಂತ ಮೇಲಿನಿಂದ ಪಿನ್ನು.

ಚಕ್ರದ ವಿಷಯಕ್ಕೆ ಇನ್ನೊಂದು ನಿಮಿಷ ಬೇಕು. ಸೀಟಿನ ಒಂದು ಕಿಲೋ ಕಾರಿನ ಜೊತೆ ಮುಂದಕ್ಕೆ ಹೋಗುತ್ತೆ ಅಷ್ಟೇ. ಚಕ್ರದ ಒಂದು ಕಿಲೋ ಮುಂದಕ್ಕೂ ಹೋಗಬೇಕು, ತಿರುಗಲೂ ಬೇಕು. ಟೈರಿನ ಹೊರ ಅಂಚಿನಲ್ಲಿರುವ ಒಂದು ಕಿಲೋ ವೇಗ ಹೆಚ್ಚಿಸುವ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ಕಿಲೋಗೆ ಸಮ. ಅದರ ಮೇಲೆ, ಚಕ್ರದ ಭಾರವನ್ನು ಸ್ಪ್ರಿಂಗ್ ಹೊರುವುದಿಲ್ಲ. ಚಕ್ರ ಹಗುರಾದಷ್ಟೂ ಉಬ್ಬು ತಗ್ಗಿನ ಮೇಲೆ ಟೈರು ನೆಲ ಬಿಡದೆ ಓಡುತ್ತೆ. ನನ್ನನ್ನು ಕೇಳಿದರೆ ದುಡ್ಡು ಖರ್ಚು ಮಾಡುವ ಮೊದಲ ಜಾಗ ಇದೇ, ಒಳ್ಳೆ ಹಗುರ ಅಲಾಯ್ ಚಕ್ರ. ಆದರೆ ರಸ್ತೆ ಬದಿಯಲ್ಲಿ ಸಿಗುವ ಅಗ್ಗದ ನಕಲಿ ಅಲಾಯ್ ಬೇಡವೇ ಬೇಡ. ಟ್ರ್ಯಾಕಿನ ಅಂಚಿನ ಉಬ್ಬು ಕಟ್ಟೆ, ಕರ್ಬ್ ಮೇಲೆ ಹತ್ತಿದಾಗ ಬಿರುಕು ಬಿಟ್ಟರೆ ನಿಮ್ಮನ್ನು ಹಿಡಿದಿಡುವುದು ಏನೂ ಇಲ್ಲ.

ಎಸಿ ತೆಗೆಯಬೇಕಾ ಅಂತ ಬಹಳ ಜನ ಕೇಳುತ್ತಾರೆ. ತೂಕದ ಮಟ್ಟಿಗೆ ಒಳ್ಳೇದೇ, ಅದರ ಭಾರವೆಲ್ಲ ಮುಂದೆಯೇ ಇರುತ್ತೆ. ನಾನು ತೆಗೆಯಲಿಲ್ಲ. ಶ್ರೀಪೆರಂಬುದೂರಿನ ಹತ್ತಿರದ ಮದ್ರಾಸ್ ಟ್ರ್ಯಾಕಿಗೆ ಇಲ್ಲಿಂದ ಮುನ್ನೂರು ಕಿಲೋಮೀಟರ್, ಆ ಬಿಸಿಲಿನಲ್ಲಿ ಬೆಂದು ಹೋಗಿ ಹೆಲ್ಮೆಟ್ ಹಾಕಿಕೊಂಡರೆ ತಲೆ ಓಡುವುದಿಲ್ಲ. ತಲೆ ಓಡದ ಡ್ರೈವರ್ ಅರವತ್ತು ಕಿಲೋಗಿಂತ ದೊಡ್ಡ ಹೊರೆ. ನೀವು ತೆಗೆಸುವುದಾದರೆ ಗ್ಯಾಸನ್ನು ಎಸಿ ಅಂಗಡಿಯಲ್ಲಿ ಯಂತ್ರದಿಂದ ತೆಗೆಸಿ, ಗಾಳಿಗೆ ಬಿಡಬೇಡಿ.

ಪೆಟ್ರೋಲನ್ನು ಎಲ್ಲರೂ ಮರೆಯುತ್ತಾರೆ. ಒಂದು ಲೀಟರ್ ಮುಕ್ಕಾಲು ಕಿಲೋ ತೂಗುತ್ತೆ. ನಲವತ್ತೈದು ಲೀಟರ್ ಟ್ಯಾಂಕ್ ತುಂಬಿಸಿದರೆ ಮೂವತ್ತಮೂರು ಕಿಲೋ ಮೇಲೆ. ಹಾಗಂತ ಪೂರ್ತಿ ಬರಿದು ಮಾಡಿದರೆ ತಿರುವಿನಲ್ಲಿ ಪೆಟ್ರೋಲ್ ಒಂದು ಪಕ್ಕಕ್ಕೆ ಓಡಿ ಎಂಜಿನ್ ಕೆಮ್ಮುತ್ತೆ. ನನ್ನ ಕಾರಿಗೆ ಕಾಲು ಟ್ಯಾಂಕು ಸರಿಹೋಗಿದೆ.

ಸೀಟ್ ಬೆಲ್ಟ್, ಏರ್‌ಬ್ಯಾಗ್, ಬಾಗಿಲಿನ ಒಳಗಿನ ಅಡ್ಡ ಕಂಬಿ, ಮುಂದಿನ ಬಂಪರ್ ಹಿಂದಿನ ಕಂಬಿ, ಇವುಗಳಿಗೆ ಕೈ ಹಚ್ಚಬೇಡಿ. ಕೆಲವರು ಬಾಗಿಲು ಕೊರೆದು ಆ ಕಂಬಿ ತೆಗೆದಿದ್ದು ನೋಡಿದ್ದೇನೆ, ನೋಡಿದಾಗೆಲ್ಲ ಹೊಟ್ಟೆ ತೊಳಸುತ್ತೆ. ಒಳಗೆಲ್ಲ ಉಕ್ಕಿನ ಕಂಬಿಗಳ ಪಂಜರ, ಅಂದರೆ ರೋಲ್ ಕೇಜ್ ಇರುವ ರೇಸ್ ಕಾರಿನಲ್ಲಿ ಲೆಕ್ಕ ಬೇರೆ, ಅಲ್ಲಿ ಆ ಕೇಜೇ ಮೂವತ್ತು ನಲವತ್ತು ಕಿಲೋ ಸೇರಿಸುತ್ತೆ, ಆ ತೂಕ ಯಾರಿಗೂ ಭಾರ ಅನ್ನಿಸುವುದಿಲ್ಲ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವ ಹಾಗಿಲ್ಲ. ಆರ್‌ಸಿಯಲ್ಲಿ ಐದು ಸೀಟು ಅಂತಿದ್ದರೆ ಐದು ಸೀಟೇ ಇರಬೇಕು. ಬರೀ ಟ್ರ್ಯಾಕಿಗೇ ಅಂತ ಕಾರು ಮಾಡಿಕೊಂಡವರು ಅದನ್ನು ಟೋ ಗಾಡಿಯ ಮೇಲೆ ಹಾಕಿಕೊಂಡು ಹೋಗುತ್ತಾರೆ, ಅದೇ ಸರಿ. ಕೊಯಮತ್ತೂರಿಗೆ ನಾನೂ ಹಾಗೇ ತೆಗೆದುಕೊಂಡು ಹೋಗಿದ್ದೆ. ಆದರೆ ಪ್ರತಿ ಸಲ ಟೋ ಗಾಡಿಗೆ ಕೊಡುವಷ್ಟು ನನ್ನ ಹತ್ತಿರ ಇಲ್ಲ. ಹಾಗಾಗಿ ಈಗ ಹಿಂದಿನ ಸೀಟು ಹಾಕಿಕೊಂಡೇ ಟ್ರ್ಯಾಕಿಗೆ ಹೋಗುತ್ತೇನೆ, ಪಿಟ್‌ನಲ್ಲಿ ನಿಲ್ಲಿಸಿ ಸೀಟು, ಸ್ಟೆಪ್ನಿ ಇಳಿಸುತ್ತೇನೆ, ಸಂಜೆ ಮತ್ತೆ ಹಾಕುತ್ತೇನೆ. ಒಟ್ಟು ಇಪ್ಪತ್ತು ನಿಮಿಷದ ಕೆಲಸ, 10 ಮತ್ತು 12ರ ಪಾನಾ ಸಾಕು. ಹಿಂದಿನ ಬ್ರೇಕಿನ ಒತ್ತಡ ಹೆಚ್ಚು ಕಡಿಮೆ ಮಾಡಲು ಒಂದು ವಾಲ್ವ್ ಕೂರಿಸಿದ್ದೇನೆ, ಅದನ್ನೂ ಸೀಟಿನ ಜೊತೆಗೇ ಎರಡು ಸುತ್ತು ತಿರುಗಿಸಬೇಕು. ಮರೆಯದಿರಲಿ ಅಂತ ಆ ವೇಬ್ರಿಡ್ಜ್ ಚೀಟಿಗಳನ್ನು ಲ್ಯಾಮಿನೇಟ್ ಮಾಡಿಸಿ ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದೇನೆ. ಸೀಟು ಇದ್ದಾಗಿನ ತೂಕ ಎಡಕ್ಕೆ, ಸೀಟು ಇಲ್ಲದಾಗಿನದು ಬಲಕ್ಕೆ. ನಮಸ್ಕಾರ.