ನೀರಿನ ಹುಳಿ, ಔಷಧಿಯ ಆಯಸ್ಸು

ಕೇಳುಗರೆಲ್ಲರಿಗೂ ನಮಸ್ಕಾರ.

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಟೊಮೆಟೊ ಬೆಳೆಯುವವರು ಬೆಳೆಗೆ ಹೊಡೆಯುವ ಔಷಧಿಯ ಅಂಗಡಿಯಲ್ಲಿ ಎಲ್ಲವನ್ನೂ ವಿಚಾರಿಸುತ್ತಾರೆ. ಯಾವ ಕಂಪನಿ, ಎಷ್ಟು ಬೆಲೆ, ಒಂದು ಕ್ಯಾನಿಗೆ ಎಷ್ಟು ಎಂಎಲ್. ಆದರೆ ಅದನ್ನು ಕಲಸುವ ನೀರು ಎಂಥದ್ದು ಅಂತ ಕೇಳುವವರು ಕಡಿಮೆ. ಕ್ಯಾನಿನಲ್ಲಿ ಇರುವುದು ಬಹುಪಾಲು ನೀರೇ ಅಲ್ವಾ?

ನೀರಿಗೂ ಒಂದು ಗುಣ ಇರುತ್ತದೆ. ಹುಳಿಯ ಕಡೆ ಇರಬಹುದು, ಸುಣ್ಣದ ನೀರಿನಂತೆ ಕ್ಷಾರದ ಕಡೆ ಇರಬಹುದು. ಇದನ್ನು ನಾಲಿಗೆಯಿಂದ ತಿಳಿಯಲು ಆಗುವುದಿಲ್ಲ. ಸಕ್ಕರೆ ಸೇರಿದರೆ ಸಾಕು, ನಾಲಿಗೆ ಮೋಸ ಹೋಗುತ್ತದೆ. ಬಣ್ಣ ಅದಕ್ಕಿಂತ ನಂಬಿಕಸ್ತ. ಆರತಿಗೆ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೂ ಒಂದು ಪರೀಕ್ಷೆಯೇ. ಆದರೆ ಅರಿಶಿನ ಕ್ಷಾರವನ್ನು ಮಾತ್ರ ಹಿಡಿಯುತ್ತದೆ. ಹುಳಿ ಹಿಂಡಿದರೆ ಸುಮ್ನೆ ಹಳದಿಯಾಗೇ ಇರುತ್ತದೆ. ದಾಸವಾಳದ ರಸ ಎರಡನ್ನೂ ಹೇಳುತ್ತದೆ: ಹುಳಿಗೆ ಕೆಂಪು, ಕ್ಷಾರಕ್ಕೆ ಹಸಿರು. ಶಾಲೆಯಲ್ಲಿ ನೋಡಿದ ಲಿಟ್ಮಸ್ ಕಾಗದದ ಬಣ್ಣವೂ ಕಲ್ಲುಹೂವಿನ ಜಾತಿಯಿಂದಲೇ ಬಂದದ್ದು.

ಬಣ್ಣ ಯಾವ ಕಡೆ ಅಂತ ಹೇಳುತ್ತದೆ. ಎಷ್ಟು ಅಂತ ಹೇಳಲು ಅಂಕಿ ಬೇಕು. ಆ ಅಂಕಿಯೇ ಪಿಎಚ್. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಎಂಬ ವಿಜ್ಞಾನಿ ಇದನ್ನು ಕೊಟ್ಟರು. ಅವರು ಕೆಲಸ ಮಾಡುತ್ತಿದ್ದದ್ದು ಕಾರ್ಲ್ಸ್‌ಬರ್ಗ್ ಎಂಬ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ! ಸಾಮಾನ್ಯವಾಗಿ ಸೊನ್ನೆಯಿಂದ 14ರವರೆಗೆ ಎಣಿಸುತ್ತಾರೆ, ನಡುವೆ 7. ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ನಿಂಬೆರಸ 2ರ ಆಸುಪಾಸು, ಹಣ್ಣಾದ ಟೊಮೆಟೊ 4ಕ್ಕಿಂತ ಸ್ವಲ್ಪ ಮೇಲೆ, ಹಾಲು 6.7ರಷ್ಟು. ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದು ಮೆಟ್ಟಿಲು ಅಂದರೆ ಹತ್ತು ಪಟ್ಟು. ಹಾಗಾಗಿ 6ಕ್ಕೂ 8ಕ್ಕೂ ಇರುವ ವ್ಯತ್ಯಾಸ ಎರಡಲ್ಲ, ನೂರು ಪಟ್ಟು.

ಈಗ ಹೊಲಕ್ಕೆ ಬರೋಣ. ನಮ್ಮ ಬೋರ್‌ವೆಲ್ ನೀರು ಕ್ಷಾರದ ಕಡೆ ವಾಲಿರುವುದೇ ಹೆಚ್ಚು. ಮೇಲೆತ್ತಿದ ನೀರು ತೊಟ್ಟಿಯಲ್ಲಿ ನಿಂತರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಪಿಎಚ್ ಇನ್ನೂ ಏರುತ್ತದೆ. ಕೃಷಿ ಹೊಂಡದಲ್ಲಿ ಹಸಿರು ಪಾಚಿ ಕಟ್ಟಿದ್ದರಂತೂ ಬಿಸಿಲಿನ ಹೊತ್ತಿಗೆ 9 ದಾಟಲೂಬಹುದು. ಇಂಥ ನೀರಿಗೆ ಕ್ಯಾಪ್ಟಾನ್ ಎಂಬ ಶಿಲೀಂಧ್ರನಾಶಕ ಹಾಕಿದರೆ ಅದರ ಅರ್ಧ ಭಾಗ ಕೆಲವೇ ನಿಮಿಷಗಳಲ್ಲಿ ಒಡೆದುಹೋಗುತ್ತದೆ. ಮೆಲಾಥಿಯಾನ್ ಎಂಬ ಕೀಟನಾಶಕಕ್ಕೂ ಕ್ಷಾರ ಆಗಿಬರುವುದಿಲ್ಲ. ಔಷಧಿ ಕಲಸಿಟ್ಟು ಊಟಕ್ಕೆ ಹೋಗಿ ಬಂದು ಹೊಡೆಯುವವರು ಇದನ್ನು ಗಮನಿಸಬೇಕು. ಔಷಧಿ ಕೆಲಸ ಮಾಡಲಿಲ್ಲ ಅಂತ ಅಂಗಡಿಯವರ ಮೇಲೆ ರೇಗುವ ಮೊದಲು ನೀರನ್ನೊಮ್ಮೆ ನೋಡಿ.

ಹಾಗಾದರೆ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವ ಸಿಟ್ರಿಕ್ ಆಮ್ಲ ಹಾಕಿಬಿಟ್ಟರೆ ಮುಗಿಯಿತೇ? ಮುಗಿಯಲಿಲ್ಲ. ಪಕ್ಕದ ತೋಟದವರು ಇಷ್ಟು ಗ್ರಾಂ ಹಾಕಿದರು ಅಂತ ನೀವೂ ಅಷ್ಟೇ ಹಾಕಬೇಡಿ. ಎರಡು ಬೋರ್‌ವೆಲ್‌ಗಳ ನೀರೂ ಪಿಎಚ್ 8 ತೋರಿಸಬಹುದು. ಒಂದರ ನೀರು ಚಿಟಿಕೆ ಆಮ್ಲಕ್ಕೇ 6ಕ್ಕೆ ಇಳಿಯುತ್ತದೆ, ಇನ್ನೊಂದರ ನೀರು ಚಮಚಗಟ್ಟಲೆ ಹಾಕಿದರೂ ಜಗ್ಗುವುದಿಲ್ಲ. ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಎಂಬ ಲವಣ ಸೇರಿಕೊಂಡು ಹಾಕಿದ ಹುಳಿಯನ್ನೆಲ್ಲ ನುಂಗುತ್ತಿರುತ್ತದೆ. ಪಿಎಚ್ ಅಂಕಿ ನೀರು ಈಗ ಎಲ್ಲಿ ನಿಂತಿದೆ ಅಂತ ಹೇಳುತ್ತದೆಯೇ ಹೊರತು, ಅದು ಎಷ್ಟು ಹಟಮಾರಿ ಅಂತ ಹೇಳುವುದಿಲ್ಲ. ಅದಕ್ಕೇ ಬಕೆಟ್ ನೀರಿಗೆ ಸ್ವಲ್ಪ ಸ್ವಲ್ಪ ಹಾಕಿ, ಕಲಕಿ, ಮತ್ತೆ ಮತ್ತೆ ಅಳೆಯಬೇಕು. ಹೆಚ್ಚಿನ ಔಷಧಿಗಳಿಗೆ ಸುಮಾರು 6 ಸರಿಹೋಗುತ್ತದೆ. ಆದರೂ ಡಬ್ಬಿಯ ಮೇಲಿನ ಚೀಟಿ ಓದಿ. ನೀರು ಹದಕ್ಕೆ ಬಂದ ಮೇಲೆ ಔಷಧಿ ಬೆರೆಸಿ.

ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮಾತ್ರ ಹುಳಿ ಸೇರಿಸಲೇಬೇಡಿ. ಅದರಲ್ಲಿ ಮೈಲುತುತ್ತ ಎಂಬ ತಾಮ್ರದ ಲವಣದ ಜೊತೆ ಸುಣ್ಣ ಇರುವುದೇ ಹುಳಿಯನ್ನು ಮುರಿಯಲು. ಹುಳಿ ಉಳಿದರೆ ತಾಮ್ರ ಕರಗಿ ಎಲೆ ಸುಡುತ್ತದೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುವ ಹಳೆಯ ಪದ್ಧತಿ ಇದೆ. ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಮೀಟರ್ ಇಲ್ಲದ ಕಾಲದ ಜಾಣತನ ಇದು, ಇವತ್ತಿಗೂ ನಡೆಯುತ್ತದೆ.

ಅಳೆಯಲು ಪಿಎಚ್ ಕಾಗದ ಸಾಕು, ಅಗ್ಗವೂ ಹೌದು. ಪೆನ್ನಿನಂಥ ಮೀಟರ್ ಕೊಂಡರೆ ಅದರ ತುದಿಯಲ್ಲಿರುವ ತೆಳು ಗಾಜಿನ ಬುರುಡೆಯನ್ನು ಜೋಪಾನ ಮಾಡಿ, ಅಳೆಯುವುದು ಅದೇ. ಒಣಗಲು ಬಿಡಬೇಡಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲೂ ಇಡಬೇಡಿ. ಅದಕ್ಕೆಂದೇ ಮಾರುವ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ನಾಲ್ಕು ಹನಿ ಮುಚ್ಚಳದಲ್ಲಿ ಇರಲಿ. ಜೊತೆಗೆ ಬರುವ ಪಿಎಚ್ 4 ಮತ್ತು 7ರ ಪುಡಿಯ ಪೊಟ್ಟಣಗಳನ್ನು ಎಸೆಯಬೇಡಿ, ಆಗಾಗ ಮೀಟರ್ ಸರಿಮಾಡಿಕೊಳ್ಳಲು ಬೇಕಾಗುತ್ತವೆ.

ನಮಸ್ಕಾರ.