ಹೆಸರಿಗಿಂತ ನಂಬರ್ ವಾಸಿ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಹಲಸೂರು, ಶಿವಾಜಿನಗರದ ಕಡೆ ಹಳೇ ಮನೆಗಳಲ್ಲಿ ವಿಚಾರಿಸಿ ನೋಡಿ. ಕಾಣೆಯಾದ ತಾತ ಒಬ್ಬರಾದರೂ ಸಿಗುತ್ತಾರೆ. 'ಮಿಲಿಟ್ರಿಗೆ ಸೇರಿದರು, ಆಮೇಲೆ ಹಡಗು ಹತ್ತಿದರು, ಆಮೇಲೆ ಗೊತ್ತಿಲ್ಲ.' ಕಥೆ ಅಷ್ಟೇ. ನಮ್ಮ ಮನೆಯಲ್ಲಿ ಹಾಗೆ ಹೋದವರು ತಾತನ ತಮ್ಮ. ಚಿಕ್ಕತಾತ ಎನ್ನುತ್ತೇವೆ.

ಹುಡುಕಲು ಹೊರಟವರು ಮೊದಲು ಹೆಸರು ಹಿಡಿಯುತ್ತಾರೆ. ಅದನ್ನು ನಂಬಬೇಡಿ. ನಮ್ಮಲ್ಲಿ ಸರ್‌ನೇಮ್ ಎಲ್ಲಿದೆ? ಊರು, ಅಪ್ಪ, ಒಂದು ಇನಿಷಿಯಲ್. ಭರ್ತಿ ಮಾಡಿಕೊಂಡ ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಗೀಚಿದ. ಒಬ್ಬನೇ ಮುನಿಸ್ವಾಮಿ ನಾಲ್ಕು ಕಾಗದದಲ್ಲಿ ನಾಲ್ಕು ಜನ ಆಗಿಬಿಡುತ್ತಾನೆ. ಸೈನ್ಯದ ನಂಬರ್ ಹಾಗಲ್ಲ. ಪಿಂಚಣಿ ಕಾಗದದಲ್ಲಿ, ಡಿಸ್ಚಾರ್ಜ್ ಪುಸ್ತಕದಲ್ಲಿ ಅದು ಸಿಗಬಹುದು. ಪದಕ ಇದ್ದರೆ ತಿರುಗಿಸಿ ನೋಡಿ. ಮೊದಲ ಮಹಾಯುದ್ಧದ ಬೆಳ್ಳಿ ಪದಕದ ಅಂಚಿನಲ್ಲಿ ನಂಬರ್, ಹುದ್ದೆ, ಹೆಸರು, ದಳ ಎಲ್ಲ ಒತ್ತಿರುತ್ತಾರೆ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ.

ಚಿಕ್ಕತಾತ ಸೇರಿದ್ದು ಮದ್ರಾಸ್ ಸ್ಯಾಪರ್ಸ್. 1780ರಿಂದ ಬಂದ ದಳ. ಹಲಸೂರು ಕೆರೆ ಪಕ್ಕದಲ್ಲೇ ಅವರ ಕೇಂದ್ರ. ಊರಿನವರ ಬಾಯಲ್ಲಿ 'ತಂಬಿ'ಗಳು. ಸೇತುವೆ ಕಟ್ಟುವುದು, ನೆಲಬಾಂಬ್ ತೆಗೆಯುವುದು, ರಸ್ತೆ ಮಾಡುವುದು ಅವರ ಕೆಲಸ. ಬ್ರಿಟಿಷರ ಶೌರ್ಯ ಪದಕವಾದ ಜಾರ್ಜ್ ಕ್ರಾಸ್ ಪಡೆದ ಮೊದಲ ಭಾರತೀಯ, ಸುಬೇದಾರ್ ಸುಬ್ರಮಣ್ಯನ್, ಈ ದಳದವರೇ. 1944ರಲ್ಲಿ ಇಟಲಿಯಲ್ಲಿ ಜೊತೆಯವರನ್ನು ಉಳಿಸಲು ನೆಲಬಾಂಬಿನ ಮೇಲೆ ಬಿದ್ದು ಪ್ರಾಣ ಕೊಟ್ಟರು.

ಚಿಕ್ಕತಾತ ಯುದ್ಧಕ್ಕೆ ಹೋದದ್ದು ಎಲ್ಲಿಗೆ ಅಂದರೆ ನಮ್ಮ ಮನೆಯಲ್ಲಿ ಎಲ್ಲರೂ 'ಬರ್ಮಾ' ಅನ್ನುತ್ತಿದ್ದರು. ಆದರೆ ಅವರ ಪೆಟ್ಟಿಗೆಯಲ್ಲಿದ್ದ ನಕ್ಷತ್ರ ಪದಕದ ರಿಬ್ಬನ್ ಮರಳಿನ ಬಣ್ಣದ್ದು. ನಡುವೆ ಕೆಂಪು ಪಟ್ಟಿ, ಅಕ್ಕಪಕ್ಕ ಎರಡು ಥರದ ನೀಲಿ. ಅದು ಆಫ್ರಿಕಾ ಸ್ಟಾರ್. 1940ರ ಜೂನ್‌ನಿಂದ 1943ರ ಮೇವರೆಗೆ ಅಲ್ಲಿದ್ದವರಿಗೆ ಕೊಟ್ಟದ್ದು. 1941ರಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ನಡೆದ ಕಾಳಗದಲ್ಲಿ ಮದ್ರಾಸ್ ಸ್ಯಾಪರ್ಸ್ ಕೂಡ ಇದ್ದರು. ಒಂದು ತುಂಡು ಬಟ್ಟೆ ಮನೆಮಂದಿಯ ಮಾತನ್ನು ಅಳಿಸಿಹಾಕಿತು ನೋಡಿ.

ಇನ್ನು ಸಮುದ್ರ. ಹಡಗಿನವರ ಜಾತಕ ಅಂದರೆ ಸಿ.ಡಿ.ಸಿ. ಪುಸ್ತಕ, ಅಂದರೆ ಕಂಟಿನ್ಯೂಯಸ್ ಡಿಸ್ಚಾರ್ಜ್ ಸರ್ಟಿಫಿಕೇಟ್, ನಾವಿಕನ ಸೇವಾ ದಾಖಲೆ. ಯಾವ ಹಡಗು, ಎಲ್ಲಿ ಹತ್ತಿದ, ಎಲ್ಲಿ ಇಳಿದ, ಒಂದೊಂದು ಯಾನಕ್ಕೂ ಮೊಹರು. ಹಡಗಿನ ಆಳುಗಳಾದ ಖಲಾಸಿಗಳ ಮೇಲೆ ತಾಂಡೇಲ, ತಾಂಡೇಲನ ಮೇಲೆ ಸಾರಂಗ. ಸಾರಂಗರು ಹೆಚ್ಚಾಗಿ ತಮ್ಮ ಊರಿನವರನ್ನೇ ಸೇರಿಸಿಕೊಳ್ಳುತ್ತಿದ್ದರು. ಸಮುದ್ರವೇ ಇಲ್ಲದ ಬೆಂಗಳೂರಿನವನಿಗೆ ಮುಂಬೈ ಬಂದರಿನಲ್ಲಿ ಯಾರು ದಿಕ್ಕು? ಸ್ಯಾಪರ್ಸ್‌ನಲ್ಲಿ ಕಲಿತ ಫಿಟ್ಟರ್ ಕೆಲಸವೇ ಎಂಜಿನ್ ರೂಮಿಗೆ ದಾರಿ ಮಾಡಿರಬೇಕು ಅನ್ನುವುದು ನನ್ನ ಊಹೆ.

ಹಡಗಿನ ಹೆಸರು ಸಿಕ್ಕರೂ ಹಿಗ್ಗಬೇಡಿ. ಒಂದೇ ಹೆಸರಿನ ಹಡಗು ಎಷ್ಟೋ. ಅದಕ್ಕೂ ಒಂದು ಅಧಿಕೃತ ನಂಬರ್ ಇರುತ್ತದೆ, ಅದನ್ನು ಹಿಡಿಯಿರಿ. ಎರಡನೇ ಯುದ್ಧದ ಕಾಲದ ಬ್ರಿಟಿಷ್ ವ್ಯಾಪಾರಿ ಹಡಗುಗಳ ಸಿಬ್ಬಂದಿ ಪಟ್ಟಿ, ದಿನಚರಿ ಲಂಡನ್ನಿನ ಕ್ಯೂ ಎಂಬ ಜಾಗದಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಯುದ್ಧದಲ್ಲಿ ಸತ್ತು, ಸಮುದ್ರವೇ ಸಮಾಧಿಯಾದ ನಮ್ಮ ನಾವಿಕರು, ಹಡಗಿನವರು ಆರು ಸಾವಿರಕ್ಕೂ ಜಾಸ್ತಿ. ಅವರ ಹೆಸರು ಬರೆದ ಪುಸ್ತಕ ಮುಂಬೈನ ಇಂಡಿಯನ್ ಸೀಮೆನ್ಸ್ ಹೋಮ್‌ನಲ್ಲಿದೆ, ಇನ್ನೊಂದು ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯನ್ನು ಮನೆಯಲ್ಲೇ ಕೂತು ದುಡ್ಡಿಲ್ಲದೆ ಹುಡುಕಬಹುದು. ಆದರೆ ಎರಡನೇ ಯುದ್ಧದ ಲೆಕ್ಕ ಅಲ್ಲಿ 1947ರ ಡಿಸೆಂಬರ್‌ಗೆ ಮುಗಿಯುತ್ತದೆ.

ಚಿಕ್ಕತಾತನ ಹೆಸರು ಅದರಲ್ಲಿ ಇಲ್ಲ. ಹಡಗು ಮುಳುಗಿ ಹೋದರು ಅಂತಲೇ ಮನೆಯಲ್ಲಿ ತಿಥಿ ಮಾಡುತ್ತಿದ್ದರು. ಯಾಕೆಂದರೆ ಮುಂಬೈಯಿಂದ ಯಾರೋ ಅಪರಿಚಿತರು ಆ ಪೆಟ್ಟಿಗೆ ತಂದುಕೊಟ್ಟು ಹೋಗಿದ್ದರು. ಒಳಗಿದ್ದ ಸಿ.ಡಿ.ಸಿ.ಯ ಕೊನೆಯ ಮೊಹರನ್ನು ಯಾರೂ ಓದಿರಲಿಲ್ಲ. ಯುದ್ಧ ಮುಗಿದು ಎಷ್ಟೋ ವರ್ಷದ ನಂತರದ ತಾರೀಖು. ಇಳಿದ ಜಾಗ, ಬಾಂಬೆ. ಅಂದರೆ ಆ ಹಡಗಿನಿಂದ ಮನುಷ್ಯ ನೆಟ್ಟಗೆ ನೆಲಕ್ಕೆ ಇಳಿದಿದ್ದಾರೆ.

ನಮ್ಮ ದೊಡ್ಡತ್ತೆಗೆ ಇದು ಹೇಳಿದಾಗ ಖುಷಿಯಾಗಲಿಲ್ಲ, ಸಿಟ್ಟು ಬಂತು. 'ಬದುಕಿದ್ದರೆ ಒಂದು ಕಾಗದ ಹಾಕೋಕೆ ಏನಾಗಿತ್ತು?' ಎಂದರು. ನ್ಯಾಯವೇ, ಅಲ್ವಾ? ಈಗ ನಾನು ಹಡಗುಗಳನ್ನು ಬಿಟ್ಟು ಮುಂಬೈ ಬಂದರಿನ ಸುತ್ತಲಿನ ಹಳೇ ವಿಳಾಸಗಳನ್ನು ಹುಡುಕುತ್ತಿದ್ದೇನೆ.

ನಮಸ್ಕಾರ.